ಫಿರ್ಯಾದು ಬೇರೆ, ರುಜುವಾತು ಬೇರೆ: ಕಂಪ್ಯೂಟರ್ ಕರ್ನಲ್ ಪರೀಕ್ಷೆ ಮತ್ತು ಹುಸಿ ಎಚ್ಚರಿಕೆಗಳ ಇತಿಹಾಸ



ಇಂದು ಬಹುತೇಕ ಎಲ್ಲರ ಮನೆಯಲ್ಲೂ ಮೊಬೈಲ್ ಫೋನ್ ಇದೆ. ಬ್ಯಾಂಕಿನ ವ್ಯವಹಾರ, ಮಕ್ಕಳ ಪರೀಕ್ಷೆಯ ಫಲಿತಾಂಶ, ರೈಲಿನ ಟಿಕೆಟ್ ಎಲ್ಲವೂ ಅದರಲ್ಲೇ ನಡೆಯುತ್ತಿವೆ. ಈ ಯಂತ್ರಗಳೊಳಗೆ ನಮ್ಮ ಕಣ್ಣಿಗೆ ಬೀಳದ ಒಂದು ಭಾಗವಿದೆ. ಅದನ್ನು ಕರ್ನಲ್ ಎನ್ನುತ್ತಾರೆ. ಕರ್ನಲ್ ಎಂದರೆ ತಿರುಳು. ತೆಂಗಿನಕಾಯಿಗೆ ತಿರುಳು ಹೇಗೋ ಆಪರೇಟಿಂಗ್ ಸಿಸ್ಟಮ್‌ಗೆ ಕರ್ನಲ್ ಹಾಗೆ. ನೆನಪಿನ ಜಾಗವನ್ನು ಯಾವ ತಂತ್ರಾಂಶಕ್ಕೆ ಎಷ್ಟು ಕೊಡಬೇಕು, ಕಡತಗಳನ್ನು ಎಲ್ಲಿ ಇಡಬೇಕು, ಯಾರ ಸರದಿ ಯಾವಾಗ ಎಂಬುದನ್ನೆಲ್ಲ ತೀರ್ಮಾನಿಸುವುದು ಅದೇ. ಮೇಲಿನ ತಂತ್ರಾಂಶವೊಂದು ಕೆಟ್ಟರೆ ಆ ಒಂದು ಕೆಲಸ ಮಾತ್ರ ನಿಲ್ಲುತ್ತದೆ. ಕರ್ನಲ್ ಕೆಟ್ಟರೆ ಇಡೀ ಯಂತ್ರವೇ ನಿಲ್ಲುತ್ತದೆ. ಇಲ್ಲವೇ ಕಳ್ಳನಿಗೆ ಮನೆಯ ಎಲ್ಲ ಕೋಣೆಗಳ ಕೀಲಿ ಒಂದೇ ಸಲ ಸಿಕ್ಕಂತಾಗುತ್ತದೆ.

ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಕರ್ನಲ್ ಬರೆದಾಗ ಅದರಲ್ಲಿ ಸುಮಾರು 10,000 ಸಾಲುಗಳಿದ್ದವು. ಇಂದು ಅದು ಮೂರು ಕೋಟಿ ಸಾಲುಗಳನ್ನು ಮೀರಿದೆ. ಆಂಡ್ರಾಯ್ಡ್ ಫೋನ್‌ಗಳೆಲ್ಲ ಇದೇ ಲಿನಕ್ಸ್ ಕರ್ನಲ್ ಮೇಲೆ ನಡೆಯುತ್ತವೆ. ಮೂರು ಕೋಟಿ ಸಾಲುಗಳನ್ನು ಮನುಷ್ಯರು ಕುಳಿತು ಓದಿ ತಪ್ಪು ಹುಡುಕುವುದು ಆಗದ ಮಾತು. ಆದ್ದರಿಂದ ತಪ್ಪು ಹುಡುಕುವ ಕೆಲಸವನ್ನೂ ಯಂತ್ರಕ್ಕೇ ವಹಿಸಲಾಯಿತು. ಯಂತ್ರ ತಪ್ಪುಗಳನ್ನು ಹುಡುಕಿತು. ಜೊತೆಗೆ ಇಲ್ಲದ ತಪ್ಪುಗಳನ್ನೂ ಎತ್ತಿ ತೋರಿಸಿತು. ಹೀಗೆ ಇಲ್ಲದ ತಪ್ಪನ್ನು ಇದೆ ಎಂದು ಹೇಳುವುದನ್ನೇ ಹುಸಿ ಎಚ್ಚರಿಕೆ ಎನ್ನುತ್ತಾರೆ. ಕಳೆದ ನಲವತ್ತೈದು ವರ್ಷಗಳಿಗೂ ಮೀರಿದ ಈ ಹುಸಿ ಎಚ್ಚರಿಕೆಗಳ ಇತಿಹಾಸವನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಎರಡು ಬಗೆಯ ತಪ್ಪುಗಳು

ಶಾಲೆಯ ಉದಾಹರಣೆಯಿಂದಲೇ ವಿಷಯವನ್ನು ಅರಿಯೋಣ. ಉತ್ತರ ಪತ್ರಿಕೆ ತಿದ್ದುವ ಶಿಕ್ಷಕರು ಎರಡು ಬಗೆಯಲ್ಲಿ ತಪ್ಪಬಹುದು. ತಪ್ಪು ಉತ್ತರಕ್ಕೆ ಸರಿ ಗುರುತು ಹಾಕುವುದು ಒಂದು. ಸರಿ ಉತ್ತರಕ್ಕೆ ಕೆಂಪು ಗೆರೆ ಎಳೆಯುವುದು ಇನ್ನೊಂದು. ಮೊದಲನೆಯದು ಕಣ್ತಪ್ಪಿ ಹೋದ ದೋಷ. ಎರಡನೆಯದು ಹುಸಿ ದೂರು. ಎರಡನೆಯದರಿಂದ ಅಂಥ ನಷ್ಟವೇನೂ ಇಲ್ಲ, ಮತ್ತೊಮ್ಮೆ ನೋಡಿದರಾಯಿತು ಎಂದು ನಮಗೆ ಅನ್ನಿಸುವುದುಂಟು. ಆದರೆ ವಿದ್ಯಾರ್ಥಿಯನ್ನು ಗಮನಿಸಿ. ಪದೇ ಪದೇ ಸರಿ ಉತ್ತರಕ್ಕೂ ಕೆಂಪು ಗೆರೆ ಬಿದ್ದರೆ ಅವನು ಎರಡರಲ್ಲೊಂದು ಮಾಡುತ್ತಾನೆ. ಒಂದೋ ಕೆಂಪು ಗೆರೆಗಳನ್ನು ನೋಡುವುದನ್ನೇ ಬಿಡುತ್ತಾನೆ, ಇಲ್ಲವೇ ಸರಿಯಾಗಿದ್ದುದನ್ನೇ ತಿದ್ದಿ ತಪ್ಪು ಮಾಡುತ್ತಾನೆ. ಕರ್ನಲ್‌ನ ಲೋಕದಲ್ಲಿ ಈ ಎರಡೂ ನಡೆದಿವೆ.

ತೋಳ ಬಂತು ತೋಳ ಎಂದು ಸುಮ್ಮನೆ ಕೂಗಿದ ಹುಡುಗನ ಕಥೆ ನಮಗೆಲ್ಲ ಗೊತ್ತು. ಆ ಕಥೆಯಲ್ಲಿ ಹುಡುಗ ಬೇಕೆಂದೇ ಸುಳ್ಳು ಹೇಳಿದ್ದ. ಯಂತ್ರ ಬೇಕೆಂದು ಸುಳ್ಳು ಹೇಳುವುದಿಲ್ಲ. ಅದು ಪೊದೆ ಅಲುಗಾಡಿದ್ದನ್ನು ಪ್ರಾಮಾಣಿಕವಾಗಿಯೇ ತೋಳವೆಂದು ತಿಳಿಯುತ್ತದೆ. ಆದರೂ ಊರವರಿಗೆ ಆಗುವ ಪರಿಣಾಮ ಒಂದೇ.

ಲಿಂಟ್: ಬಟ್ಟೆಯ ಜೂಲು

ಈ ಇತಿಹಾಸದ ಮೊದಲ ಹೆಸರು ಲಿಂಟ್. ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ 1978ರಲ್ಲಿ ಇದನ್ನು ಬರೆದರು. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹುಟ್ಟಿ ಬೆಳೆದ ಸ್ಥಳವೇ ಅದು. ಲಿಂಟ್ ಎಂದರೆ ಬಟ್ಟೆಗೆ ಅಂಟಿಕೊಂಡ ನೂಲಿನ ಜೂಲು. ಸಿ ಭಾಷೆಯಲ್ಲಿ ಬರೆದ ತಂತ್ರಾಂಶವನ್ನು ಓದಿ, ಎಲ್ಲೆಲ್ಲಿ ಜೂಲು ಅಂಟಿದೆಯೋ ಅದನ್ನೆಲ್ಲ ಲಿಂಟ್ ಪಟ್ಟಿ ಮಾಡುತ್ತಿತ್ತು. ಅದು ತಂತ್ರಾಂಶವನ್ನು ನಡೆಸಿ ನೋಡುತ್ತಿರಲಿಲ್ಲ, ಓದುತ್ತಿತ್ತು ಅಷ್ಟೆ. ಆದ್ದರಿಂದ ಅದರ ಮಾತೆಲ್ಲ ಅನುಮಾನದ ಮಾತು. ಬರೆದವರಿಗೆ ಚೆನ್ನಾಗಿ ಗೊತ್ತಿದ್ದ, ಬೇಕೆಂದೇ ಮಾಡಿದ ವಿಷಯಗಳಿಗೂ ಅದು ತಕರಾರು ತೆಗೆಯುತ್ತಿತ್ತು. ಕೊನೆಗೆ ಈ ಜಾಗದಲ್ಲಿ ಸುಮ್ಮನಿರು ಎಂದು ಲಿಂಟ್‌ಗೆ ತಿಳಿಸುವ ವಿಶೇಷ ಟಿಪ್ಪಣಿಗಳನ್ನು ತಂತ್ರಾಂಶದೊಳಗೇ ಬರೆದಿಡುವ ಏರ್ಪಾಟು ಬಂತು. ಯಂತ್ರದ ಬಾಯಿ ಮುಚ್ಚಿಸುವ ಕಲೆ ಯಂತ್ರ ಪರೀಕ್ಷೆಯಷ್ಟೇ ಹಳೆಯದು ಎಂಬುದನ್ನು ಇಲ್ಲಿ ಗಮನಿಸಬೇಕು.

ಇನ್ನಷ್ಟು ಜಾಣ ಯಂತ್ರವೊಂದನ್ನು ಕಟ್ಟಿ ಈ ತೊಂದರೆಯನ್ನು ಪೂರ್ತಿ ನೀಗಿಸಬಹುದಲ್ಲವೇ ಎಂದು ನೀವು ಕೇಳಬಹುದು. ಆಗದು ಎಂದು ಗಣಿತವೇ ಹೇಳಿಬಿಟ್ಟಿದೆ. ಯಾವುದೇ ತಂತ್ರಾಂಶ ಓಡಿ ನಿಲ್ಲುತ್ತದೆಯೋ ಇಲ್ಲವೋ ಎಂದು ಎಲ್ಲ ಸಂದರ್ಭಗಳಲ್ಲೂ ಸರಿಯಾಗಿ ಹೇಳುವ ವಿಧಾನ ಇರಲಾರದೆಂದು ಬ್ರಿಟನ್ನಿನ ಅಲನ್ ಟ್ಯೂರಿಂಗ್ ಅವರ 1936ರ ಸಂಶೋಧನೆ ತೋರಿಸಿತು. ತಂತ್ರಾಂಶದ ವರ್ತನೆಯ ಬಗ್ಗೆ ಅರ್ಥವುಳ್ಳ ಯಾವ ಪ್ರಶ್ನೆಗೂ ಇದೇ ಗತಿ ಎಂದು ಹೆನ್ರಿ ಗಾರ್ಡನ್ ರೈಸ್ 1953ರಲ್ಲಿ ಸಾಧಿಸಿದರು. ಹೀಗಾಗಿ ಓದಿ ನೋಡಿ ತೀರ್ಪು ಹೇಳುವ ಯಂತ್ರ ಕೆಲವು ತಪ್ಪುಗಳನ್ನು ಬಿಡಬೇಕು, ಇಲ್ಲವೇ ಕೆಲವು ಹುಸಿ ದೂರುಗಳನ್ನು ಕೊಡಬೇಕು, ಇಲ್ಲವೇ ಕೆಲವೆಡೆ ಉತ್ತರವನ್ನೇ ಹೇಳದೆ ಕೈಚೆಲ್ಲಬೇಕು. ಯಾವ ಕಡೆ ವಾಲಬೇಕೆಂಬುದನ್ನು ಮನುಷ್ಯನೇ ನಿರ್ಧರಿಸಬೇಕು.

ಮಳೆಯ ರಾತ್ರಿಯಲ್ಲಿ ಹುಟ್ಟಿದ ಇನ್ನೊಂದು ದಾರಿ

1988ರ ಶರತ್ಕಾಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾರ್ಟನ್ ಮಿಲ್ಲರ್ ಒಂದು ಬಿರುಗಾಳಿಯ ರಾತ್ರಿ ತಮ್ಮ ಮನೆಯಿಂದ ದೂರವಾಣಿ ತಂತಿಯ ಮೂಲಕ ವಿಶ್ವವಿದ್ಯಾಲಯದ ಕಂಪ್ಯೂಟರ್ ಬಳಸುತ್ತಿದ್ದರು. ಗುಡುಗು ಮಳೆಗೆ ತಂತಿಯಲ್ಲಿ ಗದ್ದಲ ಸೇರಿ, ಅವರು ಒತ್ತದ ಅಕ್ಷರಗಳೆಲ್ಲ ಯಂತ್ರಕ್ಕೆ ಹೋಗತೊಡಗಿದವು. ಅಚ್ಚರಿ ಎಂದರೆ ಆ ಅಡ್ಡಾದಿಡ್ಡಿ ಅಕ್ಷರಗಳಿಗೆ ಹೆಸರಾಂತ ತಂತ್ರಾಂಶಗಳೇ ಕುಸಿದು ಬಿದ್ದವು. ಅವರು ಇದನ್ನೇ ತಮ್ಮ ವಿದ್ಯಾರ್ಥಿಗಳಿಗೆ ಪ್ರಯೋಗವಾಗಿ ಕೊಟ್ಟರು. 1990ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಯುನಿಕ್ಸ್‌ನ ಏಳು ಆವೃತ್ತಿಗಳಲ್ಲಿ ಸುಮಾರು 90 ತಂತ್ರಾಂಶಗಳನ್ನು ಪರೀಕ್ಷಿಸಿದಾಗ ಶೇಕಡಾ 24ಕ್ಕೂ ಹೆಚ್ಚು ಕುಸಿದಿದ್ದವು. ಈ ವಿಧಾನಕ್ಕೆ ಫಜ್ ಪರೀಕ್ಷೆ ಎಂಬ ಹೆಸರು ನಿಂತಿತು.

ಲಿಂಟ್‌ಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಲಿಂಟ್ ಹೇಳುವುದು ಫಿರ್ಯಾದು. ಫಜ್ ತೋರಿಸುವುದು ರುಜುವಾತು. ಈ ಎರಡು ಪದಗಳೂ ನಮ್ಮ ಕಚೇರಿ ಕನ್ನಡದಲ್ಲಿ ಅಕ್ಕಪಕ್ಕದಲ್ಲೇ ಇವೆ, ಉರ್ದು ಬಲ್ಲವರಿಗೂ ಪರಿಚಿತವಾದವು. ಫಿರ್ಯಾದು ಕೊಟ್ಟ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. ರುಜುವಾತು ಆಗಬೇಕು. ತಂತ್ರಾಂಶ ಕಣ್ಣೆದುರು ಕುಸಿದು ಬಿದ್ದ ಮೇಲೆ ಬೇರೆ ಸಾಕ್ಷಿ ಏತಕ್ಕೆ? ಈ ನಂಬಿಕೆಯೂ ಕರ್ನಲ್‌ನ ವಿಷಯದಲ್ಲಿ ಸಂಪೂರ್ಣ ನಿಜವಾಗಲಿಲ್ಲ. ಅದನ್ನು ಮುಂದೆ ನೋಡೋಣ.

ಸ್ಟ್ಯಾನ್‌ಫರ್ಡ್‌ನ ಪಾಠ

2000ದ ಹೊತ್ತಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಾಸನ್ ಎಂಗ್ಲರ್ ಮತ್ತು ಅವರ ಶಿಷ್ಯರು ಕರ್ನಲ್ ಓದುವ ಹೊಸ ಯಂತ್ರವೊಂದನ್ನು ಸಿದ್ಧಪಡಿಸಿದರು. ಹಾಕಿದ ಬೀಗವನ್ನು ತೆಗೆಯಲೇಬೇಕು, ಬಳಕೆದಾರನು ಕೊಟ್ಟ ವಿಳಾಸವನ್ನು ಪರೀಕ್ಷಿಸದೆ ನಂಬಬಾರದು ಎಂಬಂಥ ಮನೆಯ ನಿಯಮಗಳನ್ನು ಅದಕ್ಕೆ ಕಲಿಸಲಾಯಿತು. ಲಿನಕ್ಸ್, ಓಪನ್ ಬಿಎಸ್‌ಡಿ ಮುಂತಾದ ವ್ಯವಸ್ಥೆಗಳಲ್ಲಿ ಅದು ಸುಮಾರು 500 ದೋಷಗಳನ್ನು ಹುಡುಕಿತು. ಇದೇ ತಂಡದಿಂದ 2002ರಲ್ಲಿ ಕೊವೆರಿಟಿ ಎಂಬ ಕಂಪನಿ ಹುಟ್ಟಿತು. 2004ರ ಡಿಸೆಂಬರ್‌ನಲ್ಲಿ ಅವರು ಲಿನಕ್ಸ್ ಕರ್ನಲ್‌ನ 57 ಲಕ್ಷ ಸಾಲುಗಳಲ್ಲಿ 985 ದೋಷಗಳಿವೆ ಎಂದು ಪ್ರಕಟಿಸಿದಾಗ ಅದು ಪತ್ರಿಕೆಗಳ ಸುದ್ದಿಯಾಯಿತು.

ಆದರೆ ಅವರು ಕಲಿತ ದೊಡ್ಡ ಪಾಠ ಬೇರೆಯೇ. 2010ರಲ್ಲಿ ಬರೆದ ಲೇಖನವೊಂದರಲ್ಲಿ ಅದನ್ನು ಅವರು ಬಿಚ್ಚಿಟ್ಟಿದ್ದಾರೆ. ಹುಸಿ ದೂರುಗಳ ಪ್ರಮಾಣ ಶೇಕಡಾ 30 ದಾಟಿದರೆ ಜನ ಆ ಯಂತ್ರವನ್ನೇ ಕಡೆಗಣಿಸತೊಡಗುತ್ತಾರೆ; ಆಗ ನಿಜವಾದ ದೋಷಗಳೂ ಹುಸಿಯ ರಾಶಿಯಲ್ಲಿ ಹೂತುಹೋಗುತ್ತವೆ. ಮೊದಲು ತೋರಿಸಿದ ಕೆಲವು ದೂರುಗಳೇ ಹುಸಿಯಾದರೆ ಮುಂದಿನದನ್ನು ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ. ಇನ್ನೊಂದು ಸಂಗತಿ ನಮ್ಮಂಥ ಶಿಕ್ಷಕರಿಗೆ ಹತ್ತಿರವಾದದ್ದು. ದೋಷ ನಿಜವಾಗಿಯೇ ಇದ್ದರೂ ಅದನ್ನು ತಿಳಿಯುವಂತೆ ವಿವರಿಸದಿದ್ದರೆ ಓದಿದವರು ಅದನ್ನು ಹುಸಿ ಎಂದು ಬದಿಗಿಡುತ್ತಾರೆ. ಅರ್ಥವಾಗದ ಸತ್ಯಕ್ಕೂ ಸುಳ್ಳಿಗೂ ಕೇಳುವವನ ಪಾಲಿಗೆ ವ್ಯತ್ಯಾಸವಿಲ್ಲ. ಆದ್ದರಿಂದಲೇ ಹೆಚ್ಚು ದೋಷ ಹುಡುಕುವುದೋ ಹುಸಿಯನ್ನು ಕಡಿಮೆ ಮಾಡುವುದೋ ಎಂಬ ಆಯ್ಕೆ ಬಂದಾಗ ಅವರು ಸಾಮಾನ್ಯವಾಗಿ ಎರಡನೆಯದನ್ನೇ ಆರಿಸಿಕೊಂಡರು.

ಬೆಂಗಳೂರಿನ ನಂಟು

ಅದೇ ಕಾಲದಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಸಂಶೋಧನಾ ವಿಭಾಗದಲ್ಲಿ ಥಾಮಸ್ ಬಾಲ್ ಮತ್ತು ಭಾರತೀಯರಾದ ಶ್ರೀರಾಮ್ ರಾಜಮಣಿ ಸ್ಲ್ಯಾಮ್ ಎಂಬ ಯೋಜನೆ ಕೈಗೊಂಡರು. ವಿಂಡೋಸ್ ಕರ್ನಲ್‌ಗೆ ಜೋಡಣೆಯಾಗುವ ಡ್ರೈವರ್‌ಗಳನ್ನು, ಅಂದರೆ ಪ್ರಿಂಟರ್ ಮುಂತಾದ ಉಪಕರಣಗಳನ್ನು ನಡೆಸುವ ತುಣುಕುಗಳನ್ನು, ಪರೀಕ್ಷಿಸುವುದು ಇದರ ಗುರಿ. ಇವರ ವಿಧಾನ ಸ್ವಾರಸ್ಯಕರವಾದದ್ದು. ಯಂತ್ರ ಮೊದಲು ತಂತ್ರಾಂಶದ ಸ್ಥೂಲ ನಕ್ಷೆಯೊಂದನ್ನು ಮಾಡಿಕೊಳ್ಳುತ್ತದೆ. ಆ ನಕ್ಷೆಯಲ್ಲಿ ತಪ್ಪಿಗೆ ಹೋಗುವ ದಾರಿ ಕಂಡರೆ ಕೂಡಲೇ ಕೂಗುವುದಿಲ್ಲ. ಈ ದಾರಿಯಲ್ಲಿ ನಿಜವಾಗಿಯೂ ನಡೆಯಲು ಸಾಧ್ಯವೇ ಎಂದು ಮೂಲಕ್ಕೆ ಹೋಗಿ ಪರೀಕ್ಷಿಸುತ್ತದೆ. ಸಾಧ್ಯವಿಲ್ಲವೆಂದಾದರೆ ತನ್ನ ನಕ್ಷೆಯನ್ನೇ ತಿದ್ದಿಕೊಂಡು ಮತ್ತೆ ಹುಡುಕುತ್ತದೆ. ಅಂದರೆ ಫಿರ್ಯಾದು ಕೊಡುವ ಮೊದಲು ತನ್ನ ಸಾಕ್ಷಿಯನ್ನು ತಾನೇ ಪಾಟೀಸವಾಲಿಗೆ ಒಳಪಡಿಸುತ್ತದೆ.

ಈ ಸಂಶೋಧನೆಯಿಂದ ಬಂದ ಪರೀಕ್ಷಕವನ್ನು ಡ್ರೈವರ್ ಬರೆಯುವವರ ಕೈಗೆ 2006ರಲ್ಲಿ ಕೊಡಲಾಯಿತು. ಈ ಇಬ್ಬರಿಗೆ 2011ರಲ್ಲಿ ಕ್ಷೇತ್ರದ ಗೌರವಾನ್ವಿತ ಪುರಸ್ಕಾರವಾದ ಸಿಎವಿ ಪ್ರಶಸ್ತಿ ಬಂತು. 2005ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಕೆಲಸ ಮಾಡಿದ ರಾಜಮಣಿಯವರು ಮುಂದೆ ಅದರ ಮುಖ್ಯಸ್ಥರೂ ಆದರು. ಇಂಥ ಕೆಲಸ ಎಲ್ಲೋ ದೂರದ ದೇಶದಲ್ಲಿ ಮಾತ್ರ ನಡೆಯುತ್ತದೆ ಎಂದುಕೊಳ್ಳುವ ನಮ್ಮ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಬೀಗಗಳ ಕಾವಲುಗಾರ

ಕರ್ನಲ್‌ನಲ್ಲಿ ಸಾವಿರಾರು ಬೀಗಗಳಿವೆ. ಇವು ಕಬ್ಬಿಣದ ಬೀಗಗಳಲ್ಲ. ಒಂದು ಮಾಹಿತಿಯನ್ನು ಒಬ್ಬ ಮುಟ್ಟುತ್ತಿರುವಾಗ ಇನ್ನೊಬ್ಬ ಮುಟ್ಟದಂತೆ ತಡೆಯುವ ಏರ್ಪಾಟು. ಒಬ್ಬನ ಕೈಯಲ್ಲಿ ಉಗ್ರಾಣದ ಕೀಲಿ ಇದೆ, ಅವನಿಗೆ ಅಡುಗೆಮನೆಯ ಕೀಲಿ ಬೇಕು. ಇನ್ನೊಬ್ಬನ ಕೈಯಲ್ಲಿ ಅಡುಗೆಮನೆಯ ಕೀಲಿ ಇದೆ, ಅವನಿಗೆ ಉಗ್ರಾಣದ ಕೀಲಿ ಬೇಕು. ಇಬ್ಬರೂ ಬಿಟ್ಟುಕೊಡದೆ ಕಾಯುತ್ತ ನಿಂತರೆ ಆ ದಿನ ಮನೆಯಲ್ಲಿ ಅಡುಗೆ ಇಲ್ಲ. ಕಂಪ್ಯೂಟರ್ ಹೆಪ್ಪುಗಟ್ಟಿದಂತೆ ನಿಲ್ಲಲು ಇದೂ ಒಂದು ಕಾರಣ.

2006ರಲ್ಲಿ ಇಂಗೋ ಮೋಲ್ನಾರ್ ಬರೆದ ಲಾಕ್‌ಡೆಪ್ ಎಂಬ ಕಾವಲುಗಾರ ಲಿನಕ್ಸ್‌ಗೆ ಸೇರಿತು. ಇಂಥ ಕಗ್ಗಂಟು ನಿಜವಾಗಿ ಆಗುವವರೆಗೂ ಅದು ಕಾಯುವುದಿಲ್ಲ. ಯಾವ ಬೀಗದ ನಂತರ ಯಾವ ಬೀಗ ಹಿಡಿದರು ಎಂಬುದನ್ನು ಬರೆದಿಟ್ಟುಕೊಂಡು, ಒಂದು ದಿನ ಹೀಗಾಗಬಹುದು ಎಂದು ಮೊದಲೇ ಎಚ್ಚರಿಸುತ್ತದೆ. ಲಕ್ಷಾಂತರ ಬೀಗಗಳ ಲೆಕ್ಕ ಇಡಲಾಗದ ಕಾರಣ ಒಂದೇ ಬಗೆಯ ಬೀಗಗಳನ್ನೆಲ್ಲ ಒಂದೇ ವರ್ಗವೆಂದು ಎಣಿಸುತ್ತದೆ. ತೊಂದರೆ ಹುಟ್ಟಿದ್ದು ಇಲ್ಲಿಯೇ. ಕಡತಗಳ ಲೋಕದಲ್ಲಿ ತಾಯಿ ಕೋಶದ ಬೀಗ ಹಿಡಿದು, ಅನಂತರ ಅದರೊಳಗಿನ ಮರಿ ಕೋಶದ ಬೀಗ ಹಿಡಿಯುವುದು ಸರಿಯಾದ ಕ್ರಮ. ಆದರೆ ಲಾಕ್‌ಡೆಪ್ ಕಣ್ಣಿಗೆ ಎರಡೂ ಒಂದೇ ವರ್ಗ; ಹಿಡಿದ ಬೀಗವನ್ನೇ ಮತ್ತೆ ಹಿಡಿಯುತ್ತಿದ್ದಾರೆ ಎಂದು ಅದು ಕೂಗಿತು. ಇದು ತಾಯಿ, ಇದು ಮಗು ಎಂದು ಪ್ರತ್ಯೇಕವಾಗಿ ಗುರುತು ಹಾಕಿಕೊಡಬೇಕಾಯಿತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಲಾಕ್‌ಡೆಪ್ ಒಮ್ಮೆ ಕೂಗಿದ ಮೇಲೆ, ಯಂತ್ರವನ್ನು ಮತ್ತೆ ಪ್ರಾರಂಭಿಸುವವರೆಗೆ ಮೌನವಾಗಿಬಿಡುತ್ತದೆ. ಆ ಮೊದಲ ಕೂಗು ಹುಸಿಯಾಗಿದ್ದರೆ ಅನಂತರ ಬರುವ ನಿಜವಾದ ಅಪಾಯ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಹುಸಿ ಎಚ್ಚರಿಕೆ ಬರೀ ಕಿರಿಕಿರಿಯಲ್ಲ, ಅದು ನಿಜವಾದ ಎಚ್ಚರಿಕೆಯ ಜಾಗವನ್ನು ಕಬಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

2009ರಲ್ಲಿ ಕ್ಯಾಟಲಿನ್ ಮರಿನಾಸ್ ಬರೆದ ಕೆಮೆಮ್‌ಲೀಕ್ ಕರ್ನಲ್‌ಗೆ ಬಂತು. ಪಡೆದುಕೊಂಡು ಹಿಂದಿರುಗಿಸಲು ಮರೆತ ನೆನಪಿನ ಜಾಗವನ್ನು ಇದು ಹುಡುಕುತ್ತದೆ. ಹತ್ತು ನಿಮಿಷಕ್ಕೊಮ್ಮೆ ನೆನಪನ್ನು ಜಾಲಾಡಿ, ಯಾರೂ ವಿಳಾಸ ಇಟ್ಟುಕೊಂಡಿರದ ಜಾಗಗಳನ್ನು ಪಟ್ಟಿ ಮಾಡುತ್ತದೆ. ಈಗ ತಾನೇ ಪಡೆದ ಜಾಗದ ವಿಳಾಸ ಇನ್ನೂ ಎಲ್ಲಿಯೂ ದಾಖಲಾಗದೆ ಇರಬಹುದಲ್ಲವೇ? ಆದ್ದರಿಂದ ಪಡೆದು ಐದು ಸೆಕೆಂಡುಗಳೂ ಆಗದ ಜಾಗದ ಮೇಲೆ ದೂರು ಹೇಳಬಾರದೆಂದು ಅದಕ್ಕೆ ನಿಯಮ ಹಾಕಲಾಗಿದೆ. ದೂರು ಹೇಳುವ ಮೊದಲು ಐದು ಸೆಕೆಂಡು ತಾಳು ಎಂಬ ಈ ನಿಯಮ ಮನುಷ್ಯರಿಗೂ ಒಳ್ಳೆಯದೇ.

ಸರಿಯಿದ್ದುದನ್ನು ತಿದ್ದಿದ ಕಥೆ

ಹುಸಿ ಎಚ್ಚರಿಕೆಯನ್ನು ನಂಬಿದರೆ ಏನಾಗುತ್ತದೆ? ಇದಕ್ಕೆ ಉತ್ತರವಾಗಿ ಕರ್ನಲ್‌ನ ಹೊರಗೆ, ಆದರೆ ಅದೇ ಲಿನಕ್ಸ್ ಲೋಕದಲ್ಲಿ ನಡೆದ ಘಟನೆಯೊಂದಿದೆ. ಓಪನ್ ಎಸ್‌ಎಸ್‌ಎಲ್ ಎಂಬುದು ಗುಪ್ತ ಕೀಲಿಗಳನ್ನು ತಯಾರಿಸುವ ತಂತ್ರಾಂಶ. ಯಾರೂ ಊಹಿಸಲಾಗದ ಸಂಖ್ಯೆಗಳೇ ಅದರ ಜೀವಾಳ. 2006ರಲ್ಲಿ ವಾಲ್‌ಗ್ರೈಂಡ್ ಎಂಬ ಪರೀಕ್ಷಕ ಯಂತ್ರ, ಇಲ್ಲಿ ಬೆಲೆ ತುಂಬದ ನೆನಪಿನ ಜಾಗವನ್ನು ಓದಲಾಗುತ್ತಿದೆ ಎಂದು ದೂರಿತು. ಮಾತು ಸುಳ್ಳಲ್ಲ, ಆದರೆ ಅದು ತಪ್ಪೂ ಅಲ್ಲ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ಆ ದೂರನ್ನು ನಿಲ್ಲಿಸಲೆಂದು ಸಂಬಂಧಪಟ್ಟ ಸಾಲುಗಳನ್ನೇ ನಿಷ್ಕ್ರಿಯಗೊಳಿಸಲಾಯಿತು. ದೂರು ನಿಂತಿತು. ಅದರೊಂದಿಗೆ ಊಹೆಗೆ ನಿಲುಕದ ಅಂಶವೂ ಬಹುತೇಕ ಹೊರಟುಹೋಯಿತು.

ಮುಂದಿನ ಸುಮಾರು ಎರಡು ವರ್ಷ ಯಾರಿಗೂ ಇದು ತಿಳಿಯಲಿಲ್ಲ. 2008ರ ಮೇ ತಿಂಗಳಲ್ಲಿ ಲುಸಿಯಾನೊ ಬೆಲ್ಲೊ ಎಂಬವರು ಇದನ್ನು ಪತ್ತೆ ಹಚ್ಚಿದಾಗ ಗೊತ್ತಾದದ್ದು ಇಷ್ಟು: ಎಣಿಸಲಾರದಷ್ಟು ಬಗೆಯ ಕೀಲಿಗಳ ಬದಲು ಪ್ರತಿ ಬಗೆಯಲ್ಲಿ ಕೇವಲ ಮೂವತ್ತೆರಡು ಸಾವಿರ ಚಿಲ್ಲರೆ ಕೀಲಿಗಳು ಮಾತ್ರ ತಯಾರಾಗುತ್ತಿದ್ದವು. ಅಷ್ಟನ್ನೂ ಒಂದೊಂದಾಗಿ ಪ್ರಯತ್ನಿಸಿ ಬಾಗಿಲು ತೆರೆಯಬಹುದಿತ್ತು. ಡೆಬಿಯನ್ ಮತ್ತು ಅದನ್ನು ಆಧರಿಸಿದ ಉಬುಂಟು ಬಳಸಿದವರು ಆ ಅವಧಿಯಲ್ಲಿ ಮಾಡಿದ ಕೀಲಿಗಳನ್ನು ಎಸೆದು ಹೊಸದನ್ನು ಮಾಡಿಕೊಳ್ಳಬೇಕಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂಬ ಗಾದೆ ನಮ್ಮ ಹಿರಿಯರು ಸುಮ್ಮನೆ ಮಾಡಿದ್ದಲ್ಲ. ಕೆಂಪು ಗೆರೆ ಕಂಡ ಕೂಡಲೇ ಸರಿ ಉತ್ತರವನ್ನು ಹೊಡೆದುಹಾಕಿದ ವಿದ್ಯಾರ್ಥಿಯ ಸ್ಥಿತಿ ಇದು.

ರಾತ್ರಿ ಹಗಲು ಬಡಿಯುವ ಯಂತ್ರ

2015ರಿಂದ ಈ ಕಥೆಗೆ ಹೊಸ ವೇಗ ಬಂತು. ಆ ವರ್ಷ ಲಿನಕ್ಸ್ 4.0 ಆವೃತ್ತಿಯಲ್ಲಿ ಕೇಸಾನ್ ಎಂಬ ಕಾವಲುಗಾರ ಸೇರಿತು. ನೆನಪಿನ ಪ್ರತಿ ಎಂಟು ಬೈಟ್‌ಗೆ ಒಂದು ಬೈಟ್‌ನ ನೆರಳನ್ನು ಇಟ್ಟುಕೊಂಡು, ಮುಟ್ಟಬಾರದ ಜಾಗವನ್ನು ಮುಟ್ಟಿದ ಕ್ಷಣದಲ್ಲೇ ಅದು ಹಿಡಿಯುತ್ತದೆ. ಇದು ಊಹೆಯಲ್ಲ, ಕಣ್ಣಾರೆ ಕಂಡದ್ದು. ಆದ್ದರಿಂದ ಇದರ ಮಾತು ಹುಸಿಯಾಗುವುದು ಬಹಳ ಅಪರೂಪ. ಅದೇ ಹೊತ್ತಿಗೆ ಗೂಗಲ್‌ನ ಡಿಮಿಟ್ರಿ ವ್ಯುಕೋವ್ ಸಿಝ್‌ಕಾಲರ್ ಎಂಬ ಫಜ್ ಯಂತ್ರವನ್ನು ಬರೆದರು. ಅದು ಕರ್ನಲ್‌ಗೆ ಅಡ್ಡಾದಿಡ್ಡಿ ಕೋರಿಕೆಗಳನ್ನು ಹಗಲಿರುಳು ಕಳಿಸುತ್ತಲೇ ಇರುತ್ತದೆ. 2017ರಿಂದ ಸಿಝ್‌ಬಾಟ್ ಎಂಬ ಯಂತ್ರವೇ ಸ್ವತಃ ಕರ್ನಲ್ ಬರೆಯುವವರಿಗೆ ದೋಷ ವರದಿಯ ಪತ್ರ ಕಳಿಸತೊಡಗಿತು. ಇದುವರೆಗೆ ಸಾವಿರಾರು ನಿಜವಾದ ದೋಷಗಳು ಇದರಿಂದ ದುರಸ್ತಿಯಾಗಿವೆ.

ಕಣ್ಣಾರೆ ಕಂಡ ಮೇಲೂ ಹುಸಿ ಎಲ್ಲಿಂದ ಬರುತ್ತದೆ? ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಡತ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ಹೆಪ್ಪುಗಟ್ಟಿಸುವ ಆಜ್ಞೆಯೊಂದು ಲಿನಕ್ಸ್‌ನಲ್ಲಿದೆ. ಯಜಮಾನನ ಅಧಿಕಾರದಿಂದ ಓಡುವ ಫಜ್ ಯಂತ್ರ ಆ ಆಜ್ಞೆಯನ್ನು ಕೊಟ್ಟರೆ ಕೆಲಸಗಳೆಲ್ಲ ನಿಲ್ಲುತ್ತವೆ. ಕಾವಲುಗಾರ ಕರ್ನಲ್ ಸಿಕ್ಕಿಕೊಂಡಿದೆ ಎಂದು ಕೂಗುತ್ತಾನೆ. ಕರ್ನಲ್ ಮಾಡಿದ್ದು ಯಜಮಾನ ಹೇಳಿದ್ದನ್ನೇ. ಕಡೆಗೆ ಸಿಝ್‌ಕಾಲರ್‌ನೊಳಗೆ ಆ ಆಜ್ಞೆಯ ಜಾಗಕ್ಕೆ ಕರಗಿಸುವ ಆಜ್ಞೆಯನ್ನು ಇಡುವ ಏರ್ಪಾಟು ಮಾಡಲಾಯಿತು. ಹಾಗೆಯೇ ಕರ್ನಲ್ ಬರೆಯುವವರು ವಾರ್ನ್ ಎಂಬ ಎಚ್ಚರಿಕೆಯನ್ನು ಬಳಕೆದಾರನ ಸಣ್ಣಪುಟ್ಟ ತಪ್ಪಿಗೂ ಹಾಕಿಟ್ಟಿದ್ದರು. ಯಂತ್ರ ಅದನ್ನೂ ಕರ್ನಲ್‌ನ ದೋಷವೆಂದೇ ಬಗೆಯಿತು. ವಾರ್ನ್ ಎಂಬುದು ಕರ್ನಲ್ ತನ್ನದೇ ತಪ್ಪನ್ನು ಹೇಳಿಕೊಳ್ಳುವುದಕ್ಕೆ ಮಾತ್ರ, ಹೊರಗಿನವರ ತಪ್ಪಿಗೆ ಅದನ್ನು ಬಳಸಬಾರದು ಎಂಬ ನಿಯಮವನ್ನು ಕರ್ನಲ್‌ನಲ್ಲಿಯೇ ಬರೆದಿಡಬೇಕಾಯಿತು.

ಮೂರನೆಯ ಬಗೆ ವಾದವಿವಾದದ್ದು. ಬಳಕೆಯಲ್ಲಿರುವ ಡಿಸ್ಕ್ ಮೇಲೆ ಹಿಂದಿನ ಬಾಗಿಲಿನಿಂದ ಅಡ್ಡಾದಿಡ್ಡಿ ಬರೆದರೆ ಕಡತ ವ್ಯವಸ್ಥೆ ಕುಸಿಯುತ್ತದೆ. ಯಜಮಾನನೇ ತನ್ನ ಮನೆಯ ಗೋಡೆ ಒಡೆದರೆ ಗೋಡೆಯದೇನು ತಪ್ಪು ಎಂದು ಅದನ್ನು ಬರೆದವರು ಕೇಳಿದರು. ಕುಸಿತ ಕುಸಿತವೇ ಎಂದು ಪರೀಕ್ಷಿಸುವವರು ಹೇಳಿದರು. 2024ರಲ್ಲಿ ಬಂದ ಲಿನಕ್ಸ್ 6.8ರಲ್ಲಿ ಹೀಗೆ ಬರೆಯುವುದನ್ನೇ ತಡೆಯುವ ಆಯ್ಕೆಯೊಂದನ್ನು ಸೇರಿಸಿ ಈ ಜಗಳಕ್ಕೆ ಒಂದು ದಾರಿ ಮಾಡಲಾಯಿತು. ಹುಸಿ ಯಾವುದು ನಿಜ ಯಾವುದು ಎಂಬುದು ಕೆಲವೊಮ್ಮೆ ಯಂತ್ರದ ಪ್ರಶ್ನೆಯೇ ಅಲ್ಲ, ನಿಯಮದ ಪ್ರಶ್ನೆ ಎಂಬುದು ಇದರಿಂದ ತಿಳಿಯುತ್ತದೆ.

2020ರಲ್ಲಿ ಲಿನಕ್ಸ್ 5.8ಕ್ಕೆ ಸೇರಿದ ಕೆಸಿಸಾನ್ ಎಂಬ ಯಂತ್ರದ್ದೂ ಇಂಥದೇ ಕಥೆ. ಇಬ್ಬರು ಒಂದೇ ಕಾಲಕ್ಕೆ ಒಂದೇ ಮಾಹಿತಿಯನ್ನು ಮುಟ್ಟುವುದನ್ನು ಅದು ಹಿಡಿಯುತ್ತದೆ. ಹಿಡಿದದ್ದು ನಿಜ, ಆದರೆ ಅದರಿಂದ ಕೇಡಾಗುತ್ತದೆಯೇ ಎಂಬುದು ಬೇರೆ ಮಾತು. ಕೇಡಿಲ್ಲವೆಂದು ಖಾತ್ರಿಯಾದರೆ ಆ ಸಾಲಿಗೆ ಗುರುತು ಹಾಕಿ ಯಂತ್ರವನ್ನು ಸುಮ್ಮನಿರಿಸಬಹುದು. ಆದರೆ ಯಂತ್ರದ ಬಾಯಿ ಮುಚ್ಚಿಸುವುದಕ್ಕಾಗಿಯೇ ಗುರುತು ಹಾಕಬೇಡಿ, ಮೊದಲು ಅರ್ಥ ಮಾಡಿಕೊಳ್ಳಿ ಎಂದು ಕರ್ನಲ್‌ನ ಕೈಪಿಡಿ ಎಚ್ಚರಿಸುತ್ತದೆ. ಡೆಬಿಯನ್‌ನ ಕಥೆ ಬಲ್ಲವರಿಗೆ ಈ ಎಚ್ಚರಿಕೆಯ ಬೆಲೆ ಗೊತ್ತು.

ನಿಜವಾದ ತೋಳ ಬಂದಾಗ

ಇಷ್ಟೆಲ್ಲ ಓದಿ, ಹಾಗಾದರೆ ಯಂತ್ರದ ಮಾತಿಗೆ ಬೆಲೆಯೇ ಇಲ್ಲ ಎಂದು ದಯವಿಟ್ಟು ತೀರ್ಮಾನಿಸಬೇಡಿ. 2017ರ ನವೆಂಬರ್‌ನಲ್ಲಿ ಸಿಝ್‌ಬಾಟ್ ಒಂದು ದೋಷವನ್ನು ವರದಿ ಮಾಡಿತು. ಆಂಡ್ರಾಯ್ಡ್ ಫೋನ್‌ಗಳಲ್ಲಿ ತಂತ್ರಾಂಶಗಳು ಪರಸ್ಪರ ಮಾತನಾಡಲು ಬಳಸುವ ಬೈಂಡರ್ ಎಂಬ ಭಾಗದಲ್ಲಿತ್ತು ಅದು. 2018ರ ಫೆಬ್ರವರಿಯಲ್ಲಿ ಅದನ್ನು ಸರಿಪಡಿಸಲಾಯಿತು. ಆದರೆ ಇದು ಭದ್ರತೆಗೆ ಸಂಬಂಧಿಸಿದ ದೋಷ ಎಂದು ಆಗ ಯಾರೂ ಗುರುತಿಸಲಿಲ್ಲ. ನೂರಾರು ದುರಸ್ತಿಗಳ ನಡುವೆ ಅದೂ ಒಂದಾಯಿತು. ಜನರ ಕೈಯಲ್ಲಿದ್ದ ಅನೇಕ ಫೋನ್‌ಗಳಿಗೆ ಆ ದುರಸ್ತಿ ತಲುಪಲೇ ಇಲ್ಲ. 2019ರ ಸೆಪ್ಟೆಂಬರ್ ಕೊನೆಗೆ ಗೂಗಲ್‌ನ ಭದ್ರತಾ ತಂಡದ ಮ್ಯಾಡಿ ಸ್ಟೋನ್, ಇದೇ ದೋಷವನ್ನು ಬಳಸಿ ಫೋನ್‌ಗಳ ಮೇಲೆ ದಾಳಿ ನಡೆಯುತ್ತಿದೆ ಎಂದು ವರದಿ ಮಾಡಿದರು. ಯಂತ್ರ ಸುಮಾರು ಎರಡು ವರ್ಷ ಮೊದಲೇ ಸತ್ಯವನ್ನು ಕೂಗಿ ಹೇಳಿತ್ತು. ಆ ಕೂಗಿನ ತೂಕವನ್ನು ಅಳೆಯುವುದು ಮಾತ್ರ ಉಳಿದುಹೋಗಿತ್ತು.

ಹುಸಿ ದೂರುಗಳ ನಿಜವಾದ ಬೆಲೆ ಇಲ್ಲಿದೆ. ಕರ್ನಲ್ ಕಾಯುವವರ ಗಮನ ಒಂದು ಮಿತವಾದ ಸಂಪತ್ತು. ಹುಸಿಯೊಂದರ ಪರಿಶೀಲನೆಗೆ ಹೋದ ಗಂಟೆ, ನಿಜವಾದ ದೋಷದ ತೂಕ ಅಳೆಯಲು ಸಿಗುವುದಿಲ್ಲ.

ಈಗ ಕೃತಕ ಬುದ್ಧಿಮತ್ತೆಯ ಕಾಲ ಬಂದಿದೆ. 2025ರ ಮೇ ತಿಂಗಳಲ್ಲಿ ಭದ್ರತಾ ಸಂಶೋಧಕರೊಬ್ಬರು ಲಿನಕ್ಸ್ ಕರ್ನಲ್‌ನ ಒಂದು ಭಾಗವನ್ನು ಇಂಥ ಭಾಷಾ ಮಾದರಿಯೊಂದಕ್ಕೆ 100 ಬಾರಿ ಓದಿಸಿದ ಫಲಿತಾಂಶ ಪ್ರಕಟಿಸಿದರು. ತಮಗೆ ಮೊದಲೇ ಗೊತ್ತಿದ್ದ ದೋಷವನ್ನು ಅದು 8 ಬಾರಿ ಹುಡುಕಿತು. ಹುಸಿ ದೂರುಗಳು ಅದಕ್ಕಿಂತ ಹಲವು ಪಟ್ಟು ಇದ್ದವು. ಆದರೆ ಅದೇ ಪ್ರಯತ್ನದಲ್ಲಿ ಯಾರಿಗೂ ಗೊತ್ತಿರದ ಹೊಸ ದೋಷವೊಂದನ್ನೂ ಅದು ತೋರಿಸಿತು. ಲಿಂಟ್‌ನ ಕಾಲದ ಪ್ರಶ್ನೆಯೇ ಹೊಸ ವೇಷದಲ್ಲಿ ಬಂದು ನಿಂತಿದೆ: ಜೊಳ್ಳನ್ನು ತೂರಿ ಕಾಳನ್ನು ಉಳಿಸಿಕೊಳ್ಳುವುದು ಹೇಗೆ?

ನಾವು ಕಲಿಯಬೇಕಾದದ್ದು

ಈ ಇತಿಹಾಸದಿಂದ ನಮ್ಮ ವಿದ್ಯಾರ್ಥಿಗಳು ಮೂರು ಮಾತುಗಳನ್ನು ನೆನಪಿಡಬೇಕು. ಮೊದಲನೆಯದು, ದೂರು ಹೇಳುವವನು, ಅದು ಯಂತ್ರವಾಗಲಿ ಮನುಷ್ಯನಾಗಲಿ, ತನ್ನ ಮಾತನ್ನು ತಾನೇ ಮೊದಲು ಪರೀಕ್ಷಿಸಿಕೊಳ್ಳಬೇಕು ಮತ್ತು ಕೇಳುವವನಿಗೆ ಅರ್ಥವಾಗುವಂತೆ ಹೇಳಬೇಕು. ಎರಡನೆಯದು, ದೂರು ಕೇಳಿದವನು ಅದನ್ನು ಕುರುಡಾಗಿ ನಂಬಲೂಬಾರದು, ಕುರುಡಾಗಿ ತಳ್ಳಲೂಬಾರದು. ಮೂರನೆಯದು, ದೂರು ನಿಂತಿತು ಎಂದ ಮಾತ್ರಕ್ಕೆ ದೋಷ ಹೋಯಿತು ಎಂದು ತಿಳಿಯಬಾರದು.

ಕಂಪ್ಯೂಟರ್ ವಿಜ್ಞಾನ ಓದಲು ಹೊರಟಿರುವ ಹುಡುಗ ಹುಡುಗಿಯರಿಗೆ ಒಂದು ಮಾತು. ಲಿನಕ್ಸ್ ಕರ್ನಲ್ ಯಾರ ಸ್ವತ್ತೂ ಅಲ್ಲ ಎಂಬಂತೆ ಎಲ್ಲರ ಓದಿಗೂ ತೆರೆದಿದೆ. ಸಿಝ್‌ಬಾಟ್ ಕಳಿಸಿದ ವರದಿಗಳೂ, ಅವುಗಳಿಗೆ ಬಂದ ಉತ್ತರಗಳೂ ಸಾರ್ವಜನಿಕವಾಗಿಯೇ ಇವೆ. ಅದರಲ್ಲೊಂದು ವರದಿಯನ್ನು ತೆಗೆದುಕೊಂಡು, ಇದು ನಿಜವೋ ಹುಸಿಯೋ ಎಂದು ಮೂಲಕ್ಕೆ ಹೋಗಿ ಪರಿಶೀಲಿಸುವ ಅಭ್ಯಾಸ ಮಾಡಿ. ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ತಾಳ್ಮೆ ಬೇಕು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮವರು ಹೇಳಿದ್ದಾರೆ. ಮೂರು ಕೋಟಿ ಸಾಲುಗಳನ್ನು ಕಾಯುತ್ತಿರುವ ಜನ ದಿನವೂ ಮಾಡುತ್ತಿರುವುದು ಅದನ್ನೇ. ಆ ಸಾಲಿನಲ್ಲಿ ನಮ್ಮ ಮಕ್ಕಳೂ ನಿಲ್ಲುವಂತಾಗಲಿ.